ನಾಲ್ಕು ಕಾಲೇಜು, ಒಂದು ಬಸ್ ಪಾಸು

ಕೂತಲ್ಲಿ ಕೂರಲಾರದವರಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ ಎಂದು ನಮ್ಮತ್ತೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವರಿಗೆ ಕೂರಲು ಜಾಗವಾದರೂ ಎಲ್ಲಿದೆ, ಹೇಳಿ? ತೊಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ದಾವಣಗೆರೆಯಿಂದ ಹಲಸೂರಿಗೆ ಬಂದಾಗ ನನಗೆ ಗೊತ್ತಾದದ್ದಿಷ್ಟು: ಈ ವಿಷಯಕ್ಕೆ ಇಡಿಯಾದ ಕೆಲಸ ಎಲ್ಲೂ ಇಲ್ಲ, ಚೂರುಪಾರು ಎಲ್ಲ ಕಡೆ ಇದೆ. ಬಿಸಿನೆಸ್ ಓದುವವರಿಗೆ ಒಂದು ಪೇಪರು, ಪಾದ್ರಿಗಳಾಗುವವರಿಗೆ ಒಂದು, ಬಿ.ಎಡ್.ನವರಿಗೆ ಒಂದು, ನರ್ಸಿಂಗ್‌ನವರಿಗೆ ಒಂದು. ನಾಲ್ಕು ಕಡೆಯೂ ನಾನೇ ಗೆಸ್ಟ್ ಲೆಕ್ಚರರ್. ಬೆಲ್ ಹೊಡೆದರೆ ಸಾಕು, ಹೇಳುತ್ತಿದ್ದ ಮಾತು ಮುಗಿದಿರಲಿ ಬಿಡಲಿ, ಬ್ಯಾಗ್ ಎತ್ತಿಕೊಂಡು ಬಸ್ ಸ್ಟಾಪಿಗೆ ಓಟ.

ಅತ್ತೆಯವರದು ಹಲಸೂರಿನ ಹಳೇ ಮನೆತನ. ಒಂದು ಕಾಲಕ್ಕೆ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಸಾಲಾಗಿ ಬಾಡಿಗೆ ಮನೆಗಳು. "ಇಲ್ಲಿ ಬಾಡಿಗೆಯೋರ ಜಗಳ ಬಿಡಿಸೋಕೆ ಜನ ಇಲ್ಲ, ನೀನು ಕಾಲಿಗೆ ಚಕ್ರ ಕಟ್ಕೊಂಡು ಊರು ಸುತ್ತು" ಎನ್ನುತ್ತಿದ್ದರು. ಒಂದು ದಿನ ಷರತ್ತನ್ನೇ ಹಾಕಿಬಿಟ್ಟರು: "ಈ ವರ್ಷ ಎಲ್ಲಾದ್ರೂ ಪರ್ಮನೆಂಟ್ ಮಾಡ್ಕೊಂಡ್ರೆ ಸರಿ. ಇಲ್ದಿದ್ರೆ ಸಾಕು ಕಣಮ್ಮ, ಮನೇಲಿದ್ದು ನೀರಿನ ಮೋಟರ್ ನೋಡ್ಕೋ." ನನ್ನ ಗಂಡ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ದಿನವಿಡೀ ಮನೆಯಲ್ಲಿ ಕೂತು ಮೋಟರ್ ಹಾಕಿ ಆರಿಸುತ್ತಿದ್ದರೆ ನನಗೆ ಹುಚ್ಚು ಹಿಡಿಯುವುದು ಗ್ಯಾರಂಟಿ.

ಬದನೆಕಾಯಿ ಪಾಠ

ಪುಲಿಕೇಶಿನಗರದ ಬಿಸಿನೆಸ್ ಕಾಲೇಜಿನ ಪ್ರಿನ್ಸಿಪಾಲರಿಗೆ ಹೊಸತನದ ಗೀಳು. "ಪುಸ್ತಕ ಬಿಡಿ ಮೇಡಂ, ಹುಡುಗರನ್ನ ಮಾರ್ಕೆಟ್ಟಿಗೆ ಕರ್ಕೊಂಡು ಹೋಗಿ. ಗಿರಾಕಿ ಅಂದ್ರೆ ಏನು ಅಂತ ಕಣ್ಣಾರೆ ನೋಡ್ಲಿ. ಚೆನ್ನಾಗಾದ್ರೆ ನಿಮ್ಮ ಪರ್ಮನೆಂಟ್ ವಿಷಯ ಕಮಿಟಿ ಮುಂದೆ ಇಡ್ತೀನಿ" ಎಂದರು. ಪರ್ಮನೆಂಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇಡೀ ಕ್ಲಾಸನ್ನು ಎಬ್ಬಿಸಿಕೊಂಡು ರಸೆಲ್ ಮಾರುಕಟ್ಟೆಗೆ ಹೊರಟೆ.

ತರಕಾರಿ ಸಾಲಿನಲ್ಲಿ ಬದನೆಕಾಯಿ ಗುಡ್ಡೆ ಹಾಕಿಕೊಂಡಿದ್ದ ಸಾಬರೊಬ್ಬರು ನಮ್ಮ ದಂಡು ನೋಡಿ ಹೆದರಿದರು. "ಕ್ಯಾ ಅಮ್ಮಾ, ಇಷ್ಟು ಜನ?"

"ವ್ಯಾಪಾರದ ಬಗ್ಗೆ ಪ್ರಶ್ನೆ ಕೇಳ್ತಾರೆ ಭಾಯ್, ನೀವು ಉತ್ತರ ಹೇಳಿದ್ರೆ ಸಾಕು."

"ಕೇಳ್ಲಿ, ಕೇಳ್ಲಿ. ಒಂದು ಸವಾಲಿಗೆ ಅರ್ಧ ಕೇಜಿ ತಗೋಬೇಕು. ಸುಮ್ನೆ ಮಾತಾಡ್ತಾ ನಿಂತ್ರೆ ನನ್ನ ಗಿರಾಕಿ ವಾಪಸ್ ಹೋಗ್ತಾರೆ."

ನಮ್ಮ ಹುಡುಗರಿಗೆ ಎಲ್ಲಿಲ್ಲದ ಉತ್ಸಾಹ. ಒಬ್ಬ ಅರ್ಧ ಕೇಜಿ ತೂಗಿಸಿಕೊಂಡು, "ದಿನಕ್ಕೆ ಎಷ್ಟು ಗಿರಾಕಿ ಬರ್ತಾರೆ?" ಎಂದು ಕೇಳಿದ. ಸಾಬರು ನಮ್ಮ ಸಾಲಿನ ಕಡೆ ಕೈ ತೋರಿಸಿ, "ಇವತ್ತಾ? ನೀನೇ ಎಣಿಸ್ಕೋ ಮಗಾ" ಎಂದರು. ಕೊನೆಯ ಪ್ರಶ್ನೆಗೆ ಬದನೆಕಾಯಿಯೂ ಖಾಲಿ. ಅವರು ಗೋಣಿ ಕೊಡವಿ ಚಹಾ ಕುಡಿಯಲು ಹೊರಟೇಹೋದರು. ಹಾಸ್ಟೆಲ್ ಹುಡುಗರಿಗೆ ಬದನೆಕಾಯಿ ಯಾಕೆ? ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ನನ್ನ ಕೈಗೆ ಕೊಟ್ಟರು. ಕಮಿಟಿ ಮಾತ್ರ ಆ ವರ್ಷ ಸೇರಲೇ ಇಲ್ಲ.

ಚೀಲ ಹೊತ್ತು ಏದುಸಿರು ಬಿಡುತ್ತಾ ಮನೆಗೆ ಬಂದೆ. ಅತ್ತೆ ಇಣುಕಿ ನೋಡಿ ಕೇಳಿದರು: "ಪರ್ಮನೆಂಟ್ ಹಾಳಾಗ್ಲಿ, ಸಂಬಳಾನೂ ಬದನೆಕಾಯೀಲೇ ಕೊಡ್ತಾರಾ?"

ಫಾದರ್ ಹೇಳಿದ ದಾರಿ

ಕಂಟೋನ್ಮೆಂಟ್ ಕಡೆ, ಪಾದ್ರಿಗಳಾಗಲು ಓದುತ್ತಿದ್ದ ಹುಡುಗರಿಗೆ ನಾನು ಧರ್ಮ ಮತ್ತು ಸಮಾಜದ ಪಾಠ ಹೇಳುತ್ತಿದ್ದೆ. ಬಂಗಾರದಂಥ ಹುಡುಗರು. ಒಂದು ದಿನ ಹೋಗಿ "ಗುಡ್ ಮಾರ್ನಿಂಗ್" ಎಂದರೆ ಎಲ್ಲರೂ ಸುಮ್ಮನೆ ಮುಗುಳ್ನಕ್ಕರು. ಪಾಠ ಎಲ್ಲಿಗೆ ನಿಂತಿತ್ತು ಎಂದು ಕೇಳಿದೆ. ಮುಗುಳ್ನಗೆ. ಪ್ರಶ್ನೆ ಕೇಳಿದೆ. ಮತ್ತೂ ಮುಗುಳ್ನಗೆ. ನನಗೆ ಪಿತ್ತ ನೆತ್ತಿಗೇರಿತು.

"ಹಲಸೂರಿನ ಟ್ರಾಫಿಕ್ಕಲ್ಲಿ ಬೆಂದು ಬರ್ತೀನಿ ನಾನು! ನಿಮಗೆ ತಮಾಷೆನಾ? ಗೆಸ್ಟ್ ಲೆಕ್ಚರರ್ ಅಂದ್ರೆ ಅಷ್ಟು ಸಸಾರನಾ?" ಎಂದು ಶುರು ಹಚ್ಚಿಕೊಂಡವಳು ಇಡೀ ಪೀರಿಯಡ್ ಬೈದೆ. ಕಾರಿಡಾರಿನಲ್ಲಿ ಹೋಗುತ್ತಿದ್ದ ದೊಡ್ಡ ಫಾದರ್ ಕೂಡ ಒಳಗೆ ಇಣುಕಿ, ಕೈಮುಗಿದು, ನಕ್ಕು ಮುಂದೆ ಹೋದರು. ಇವರೂ ಶಾಮೀಲು ಅಂದುಕೊಂಡೆ.

ಗೇಟಿನಲ್ಲಿ ವಾಚ್‌ಮನ್ ಎದ್ದು ನಿಂತ. "ಮೇಡಂ, ಇವತ್ತು ಎಲ್ಲರಿಗೂ ಮೌನ ಧ್ಯಾನ, ನಿಮಗೆ ಹೇಳ್ಲಿಲ್ವಾ? ಇಡೀ ಕಾಂಪೌಂಡಲ್ಲಿ ನಿಮ್ದೊಂದೇ ಸೌಂಡು. ನಾನೂ ಇಲ್ಲಿಂದ್ಲೇ ಪೂರ್ತಿ ಕೇಳ್ದೆ. ಸೂಪರ್ ಮೇಡಂ!"

ನಾಚಿಕೆಯಿಂದ ಭೂಮಿಗಿಳಿದುಹೋದೆ. ಮರುದಿನ ಕ್ಷಮೆ ಕೇಳಲು ಹೋದರೆ ಫಾದರ್, "ಪರವಾಗಿಲ್ಲಮ್ಮ, ಹುಡುಗರ ತಾಳ್ಮೆಗೆ ಒಳ್ಳೇ ಪರೀಕ್ಷೆ ಆಯ್ತು" ಎಂದು ನಕ್ಕರು. ಅವರ ಮನಸ್ಸು ಮೆತ್ತಗಿರುವಾಗಲೇ ಕೇಳಿಬಿಡೋಣ ಎಂದು, "ಫಾದರ್, ಇಲ್ಲಿ ಪರ್ಮನೆಂಟ್ ಆಗೋಕೆ ಏನ್ಮಾಡ್ಬೇಕು?" ಎಂದೆ.

"ಸಂಸಾರ ಬಿಡ್ಬೇಕಮ್ಮ. ಇಲ್ಲಿ ಪರ್ಮನೆಂಟ್ ಇರೋರೆಲ್ಲ ಬಿಟ್ಟೇ ಬಂದಿರೋದು."

ಸಂಜೆ ಮನೆಯಲ್ಲಿ ನಗುನಗುತ್ತಾ ಇದನ್ನು ಹೇಳಿದೆ. ಯಾರೂ ನಗಲಿಲ್ಲ. ನನ್ನ ಗಂಡ ಪೇಪರು ಮಡಿಸಿ ಪಕ್ಕಕ್ಕಿಟ್ಟು, ಮೆಲ್ಲಗೆ ಕೇಳಿದರು: "ಅದಕ್ಕೆ ನೀನೇನಂದೆ?"

ಮುಂದಿನ ಬೆಂಚಿನ ಹುಡುಗಿ

ಇಂದಿರಾನಗರದ ಬಿ.ಎಡ್. ಕಾಲೇಜಿನಲ್ಲಿ, ಟೀಚರಾಗಲು ಕಲಿಯುವವರು ಪಕ್ಕದ ಶಾಲೆಗೆ ಹೋಗಿ ಪಾಠ ಮಾಡಬೇಕು, ನಾನು ಹಿಂದೆ ಕೂತು ಮಾರ್ಕ್ಸ್ ಹಾಕಬೇಕು. ಆ ಶಾಲೆಯ ಆರನೇ ಕ್ಲಾಸಿನ ಮಕ್ಕಳ ಗ್ರಹಚಾರ, ಬಂದವರೆಲ್ಲ ಅವರಿಗೆ ನೀರಿನ ಚಕ್ರವನ್ನೇ ಪಾಠ ಮಾಡುತ್ತಿದ್ದರು. ಚಾರ್ಟು ಕಾಲೇಜಿನಲ್ಲೇ ರೆಡಿ ಇರುತ್ತಿತ್ತಲ್ಲ!

ಅವತ್ತು ಪಾಠಕ್ಕೆ ಬಂದ ಟ್ರೈನಿ ಚಾರ್ಟನ್ನು ಎದೆಗವಚಿಕೊಂಡೇ ನಿಂತಳು. ಪೀಠಿಕೆಗೆಂದು, "ಮಕ್ಕಳೇ, ಬೆಳಿಗ್ಗೆ ಎದ್ದು ಏನು ಮಾಡ್ತೀರಿ?" ಎಂದು ಕೇಳಿದಳು.

ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಎದ್ದು ಒಂದೇ ಉಸಿರಿಗೆ ಹೇಳಿದಳು: "ಮುಖ ತೊಳೀತೀವಿ ಮಿಸ್, ಮುಖ ನೀರಲ್ಲಿ ತೊಳೀತೀವಿ ಮಿಸ್, ನೀರು ಮಳೆಯಿಂದ ಬರುತ್ತೆ ಮಿಸ್, ಇವತ್ತಿನ ಪಾಠ ನೀರಿನ ಚಕ್ರ ಮಿಸ್."

ಪೀಠಿಕೆ ಪೂರ್ತಿ ಅಲ್ಲೇ ಮುಗಿಯಿತು. ಅದೇ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು, "ಮಿಸ್, ಈಗ ಚಾರ್ಟು. ಈ ಕಡೆ ಹಾಕಿ, ಹಿಂದೆ ಕೂತಿರೋ ಮೇಡಂಗೆ ಕಾಣ್ಬೇಕು" ಎಂದು ಪಿಸುಗುಟ್ಟಿದಳು.

ಬೆಲ್ ಹೊಡೆಯಿತು. ನಾನು ಓಡಲು ಬ್ಯಾಗ್ ಎತ್ತಿಕೊಂಡರೆ ಅವಳು ದಾರಿಗೆ ಅಡ್ಡ ಬಂದಳು. "ಮೇಡಂ, ಪಾಪ, ಈ ಮಿಸ್‌ಗೆ ಭಯ ಜಾಸ್ತಿ. ಪಾಸ್ ಮಾಡ್ಬಿಡಿ ಮೇಡಂ. ಫೇಲಾದ್ರೆ ಮತ್ತೆ ನಮ್ ಕ್ಲಾಸಿಗೇ ಬರ್ತಾರೆ."

ಬೆಡ್ಡಿನ ಮೇಲಿಂದ

ನರ್ಸಿಂಗ್ ಕಾಲೇಜಿಗೆ ನಾನು ತಲುಪುವಾಗ ಓಡಿ ಓಡಿ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅಲ್ಲಿನ ಹುಡುಗಿಯರು ಆಗತಾನೆ ಬಿಪಿ ನೋಡುವುದು ಕಲಿತಿದ್ದರು, ಕೈಗೆ ಸಿಕ್ಕವರನ್ನು ಬಿಡುತ್ತಿರಲಿಲ್ಲ. ಪಟ್ಟಿ ಸುತ್ತಿ ಗಾಳಿ ಒತ್ತಿದವರೇ, "ಅಯ್ಯೋ ಮೇಡಂ, ತುಂಬಾ ಜಾಸ್ತಿ!" ಎಂದು ಪ್ರಿನ್ಸಿಪಾಲ್ ಸಿಸ್ಟರನ್ನು ಕರೆದರು.

"ಮಲ್ಕೊಳ್ಳಿ. ಇಳಿಯೋವರೆಗೂ ಏಳೋ ಹಾಗಿಲ್ಲ" ಎಂದರು ಸಿಸ್ಟರು.

"ಪೋರ್ಷನ್ ಮುಗಿದಿಲ್ಲ ಸಿಸ್ಟರ್!"

"ಮಲ್ಕೊಂಡೇ ಮುಗಿಸಿ."

ಕಲಿಯುವವರಿಗೆಂದು ಲ್ಯಾಬಿನಲ್ಲಿ ಹಾಕಿದ್ದ ಬೆಡ್ಡಿನ ಮೇಲೆ ಕತ್ತಿನವರೆಗೂ ಹೊದಿಕೆ ಹೊದ್ದು, ಸೂರು ನೋಡುತ್ತಾ, ಅವಿಭಕ್ತ ಕುಟುಂಬದ ಪಾಠ ಶುರು ಮಾಡಿದೆ. ಅವತ್ತೇ ಇನ್‌ಸ್ಪೆಕ್ಷನ್ ತಂಡ ಬರಬೇಕೆ! ಸುತ್ತ ನಿಂತು ಬರೆದುಕೊಳ್ಳುತ್ತಿದ್ದ ಹುಡುಗಿಯರನ್ನು ನೋಡಿ ತಂಡದ ಹಿರಿಯರಿಗೆ ಬಲು ಖುಷಿಯಾಯಿತು. ಒಬ್ಬಳನ್ನು ಕೇಳಿದರು: "ಈ ಪೇಷಂಟ್‌ಗೆ ಏನಮ್ಮಾ ತೊಂದರೆ?"

ಅವಳು ಹೆದರಿ, "ಸೋಷಿಯಾಲಜಿ, ಸಾರ್" ಎಂದಳು.

ಅವರು ಗಂಭೀರವಾಗಿ ತಲೆ ಆಡಿಸಿ ನನ್ನ ಕಡೆ ಬಗ್ಗಿದರು. "ಯಾವಾಗಿನಿಂದ?"

"ಎಂ.ಎ. ಆದಾಗಿನಿಂದ ಸಾರ್" ಎಂದೆ.

ಅರ್ಧಕ್ಕೆ ಬಿಟ್ಟ ಪಾಠ

ವರ್ಷ ಮುಗಿಯುತ್ತಾ ಬಂತು. ನಾಲ್ಕು ಕಡೆಯೂ "ಮುಂದಿನ ವರ್ಷ ನೋಡೋಣ" ಎಂದಾಗಿತ್ತು. ಅತ್ತೆ ಮೋಟರಿನ ಸ್ವಿಚ್ ಎಲ್ಲಿದೆ ಎಂದು ತೋರಿಸಿಯೂ ಆಗಿತ್ತು. ಅಷ್ಟರಲ್ಲಿ ಕೆ.ಆರ್. ಪುರದ ಒಂದು ಡಿಗ್ರಿ ಕಾಲೇಜಿನಿಂದ ಇಂಟರ್ವ್ಯೂಗೆ ಕರೆ ಬಂತು. ಪರ್ಮನೆಂಟ್ ಕೆಲಸ! ಇದೂ ತಪ್ಪಿದರೆ ನನ್ನ ಕಥೆ ಮುಗಿದಂತೆ.

ರೇಷ್ಮೆ ಸೀರೆ ಉಟ್ಟು ಬಸ್ ಹತ್ತಿದೆ. ದಿನಾ ನೋಡುವ ಕಂಡಕ್ಟರ್, "ಏನ್ ಮೇಡಂ, ಮದುವೇನಾ?" ಎಂದ. "ಇಂಟರ್ವ್ಯೂ ಕಣಪ್ಪ, ದೇವರನ್ನ ಬೇಡ್ಕೋ" ಎಂದೆ.

ಮೊದಲು ಡೆಮೊ ಕ್ಲಾಸು, ಆಮೇಲೆ ಪ್ರಶ್ನೋತ್ತರ ಎಂದರು. ಹಿಂದಿನ ಬೆಂಚಿನಲ್ಲಿ ಅಧ್ಯಕ್ಷರು, ಪ್ರಿನ್ಸಿಪಾಲರು, ರಿಟೈರ್ಡ್ ಪ್ರೊಫೆಸರೊಬ್ಬರು ಕೂತರು. ನಾನು ಬಾಯಿ ತೆರೆಯುವುದಕ್ಕೂ ಅವರ ಮುಂದೆ ಬಿಸಿ ಬೋಂಡ, ಚಟ್ನಿ ಬರುವುದಕ್ಕೂ ಸರಿಹೋಯಿತು. ಬೆಳಿಗ್ಗೆಯಿಂದ ಟೆನ್ಶನ್ನಿಗೆ ನಾನೊಂದು ತುತ್ತೂ ತಿಂದಿರಲಿಲ್ಲ. ಆದರೂ ಪಾಠ ರಂಗೇರಿತು. ಹುಡುಗರು ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. "ಹಾಗಾದ್ರೆ ಕೊನೆಗೂ ಕುಟುಂಬ ಅಂದ್ರೆ ಏನು? ಕುಟುಂಬ ಅಂದ್ರೆ..." ಎನ್ನುವಷ್ಟರಲ್ಲಿ ಬೆಲ್ ಹೊಡೆಯಿತು.

ಕೈ ತಾನಾಗಿ ಬ್ಯಾಗ್ ಎತ್ತಿಕೊಂಡಿತು, ಕಾಲು ಓಡಿತು. ಟರ್ಮಿನಸ್ಸಿಗೆ ಹೋಗಿ ವಾಪಸ್ಸಾಗಿದ್ದ ಅದೇ ಬಸ್ಸು ಸ್ಟಾಪಿನಲ್ಲಿ ನಿಂತಿತ್ತು. ಹತ್ತಿ, ಸೀಟು ಹಿಡಿದು, ನಿಟ್ಟುಸಿರು ಬಿಟ್ಟೆ. ಟಿನ್ ಫ್ಯಾಕ್ಟರಿ ಸ್ಟಾಪ್ ಬಂದಾಗ ಕಂಡಕ್ಟರ್ ಹತ್ತಿರ ಬಂದ. "ಏನ್ ಮೇಡಂ, ಇಷ್ಟು ಬೇಗ ಮುಗೀತಾ? ಏನಂದ್ರು?"

"ಯಾರು?"

"ಇಂಟರ್ವ್ಯೂನೋರು!"

"ಅಯ್ಯಯ್ಯೋ!" ಎಂದು ನಾನು ಕಿರುಚಿದ ಸದ್ದಿಗೆ ಡ್ರೈವರ್ ತಾನೇ ಬ್ರೇಕ್ ಹಾಕಿದ. ಇಳಿದು, ಆಟೋ ಹತ್ತಿ, ದಾರಿಯುದ್ದಕ್ಕೂ ಅಳುತ್ತಾ ಕೂತೆ. ಯಾರೂ ಕಿತ್ತುಕೊಳ್ಳಲಿಲ್ಲ, ನನ್ನ ಕೈಯಾರೆ ನಾನೇ ಹಾಳುಮಾಡಿಕೊಂಡೆನಲ್ಲ! ಕಾಲಾದರೂ ಹಿಡಿಯೋಣ ಎಂದು "ತಪ್ಪಾಯ್ತು ಸಾರ್, ತಪ್ಪಾಯ್ತು ಸಾರ್" ಎಂದು ಬಾಯಿಪಾಠ ಮಾಡಿಕೊಂಡೇ ಗೇಟು ಹೊಕ್ಕೆ.

ಮೂವರೂ ವರಾಂಡದಲ್ಲಿ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು ಕೈಮುಗಿದರು. "ಮೇಡಂ, ತಪ್ಪು ನಮ್ದೇ. ನೀವು ಪಾಠ ಮಾಡೋವಾಗ ನಾವು ಬೋಂಡ ತಿನ್ನಬಾರ್ದಾಗಿತ್ತು."

ನನಗೆ ತಲೆಬುಡ ತಿಳಿಯಲಿಲ್ಲ. ಪ್ರೊಫೆಸರರು ಮುಂದುವರಿಸಿದರು: "ಎಷ್ಟೋ ಇಂಟರ್ವ್ಯೂ ನೋಡಿದೀನಮ್ಮ. ಏನು ತಿಂತಿದ್ರೂ ಎಲ್ಲರೂ ಸಹಿಸ್ಕೊಂಡು ಪಾಠ ಮಾಡ್ತಾರೆ. ಮಾತು ಅರ್ಧಕ್ಕೇ ನಿಲ್ಲಿಸಿ, ಬ್ಯಾಗ್ ತಗೊಂಡು ಹೊರಟುಹೋದೋರು ನೀವೊಬ್ಬರೇ. ಇಂಥ ಸ್ವಾಭಿಮಾನ ಇರೋರೇ ನಮ್ಮ ಮಕ್ಕಳಿಗೆ ಬೇಕು."

"ದಯವಿಟ್ಟು ಬೇಡ ಅನ್ಬೇಡಿ, ನಾಳೆನೇ ಆರ್ಡರ್ ಕೊಡ್ತೀವಿ" ಎಂದರು ಪ್ರಿನ್ಸಿಪಾಲರು. "ನಿಮಗೂ ಒಂದು ಪ್ಲೇಟ್ ತರಿಸ್ಲಾ?"

ಹೊಟ್ಟೆ ಚುರುಗುಟ್ಟುತ್ತಿತ್ತು. ನಾಲಿಗೆ ತುದಿಗೆ ಬಂದಿದ್ದ "ತಪ್ಪಾಯ್ತು ಸಾರ್" ಅನ್ನು ಹಾಗೇ ನುಂಗಿಕೊಂಡೆ. ಸೆರಗು ಸರಿಮಾಡಿಕೊಂಡು, ಮೂವರನ್ನೂ ಒಮ್ಮೆ ದುರುಗುಟ್ಟಿ ನೋಡಿ ಹೇಳಿದೆ:

"ಬೋಂಡ ಬೇಡ ಸಾರ್. ಇನ್ನೊಂದು ಸಲ ಹೀಗಾಗದ ಹಾಗೆ ನೋಡ್ಕೊಳ್ಳಿ, ಸಾಕು."