ಹೋಗಿ ಬಾ ಎಂದರೆ ಫೇಲು

ನಾನು ದೇವರನ್ನು ನಂಬುವುದಿಲ್ಲ, ಜಾತಕವನ್ನು ನಂಬುವುದಿಲ್ಲ, ಆಕಾಶವಾಣಿಯ ಹವಾ ವರದಿಯನ್ನಂತೂ ಕೇಳಿದ ಮೇಲೇ ಛತ್ರಿ ಬಿಟ್ಟು ಹೊರಡುತ್ತೇನೆ. ಇತ್ತೀಚೆಗೆ ನನ್ನ ನೆನಪನ್ನೂ ನಂಬುವುದನ್ನು ಬಿಟ್ಟಿದ್ದೇನೆ. ನನ್ನ ನೆನಪು ಕಾಶಿಯ ಗೋದೌಲಿಯಾ ಚೌಕದ ಸೈಕಲ್ ರಿಕ್ಷಾದವನಿದ್ದ ಹಾಗೆ. ಎಲ್ಲಿಗೆಂದರೂ "ಬೈಠಿಯೇ ಬಾಬೂಜಿ" ಎಂದು ಕೂರಿಸಿಕೊಳ್ಳುತ್ತದೆ, ಇಳಿಸುವುದು ಮಾತ್ರ ತನಗೆ ಗೊತ್ತಿರುವ ಗಲ್ಲಿಯಲ್ಲಿ. ಆದ್ದರಿಂದ ಈಗ ಹೇಳುವ ಸಂಗತಿ ಯಾವ ವರ್ಷದ್ದು ಎಂದು ಕೇಳಬೇಡಿ. ರೈಲುಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವೆಂದು ನೆನಪು, ಹಾಗಾದರೆ ಎಮರ್ಜೆನ್ಸಿಯ ಕಾಲವಿರಬೇಕು. ಆದರೆ ಆ ನೆನಪು ನನ್ನದೋ ಸರ್ಕಾರದ್ದೋ, ಅದೂ ಗೊತ್ತಿಲ್ಲ.

ಇಷ್ಟು ಖಚಿತ: ಮೈಸೂರಿನಲ್ಲಿ ಕಲಿತ ತರ್ಕಶಾಸ್ತ್ರವನ್ನು ಮಾರಿಕೊಳ್ಳಲು ನಾನು ಕಾಶಿಗೆ ಬಂದಿದ್ದೆ. ಊರಿನ ದೊಡ್ಡ ವಿಶ್ವವಿದ್ಯಾಲಯ ನನ್ನನ್ನು ಕೊಳ್ಳಲಿಲ್ಲ. ರೇಷ್ಮೆ ಸೀರೆಯ ವ್ಯಾಪಾರದಲ್ಲಿ ಕೈತುಂಬ ಸಂಪಾದಿಸಿದ ಸೇಠಜಿಯೊಬ್ಬರು ತಮ್ಮ ತಂದೆಯ ನೆನಪಿಗೆ ಕಟ್ಟಿಸಿದ್ದ ಖಾಸಗಿ ವಿಶ್ವವಿದ್ಯಾಲಯ ಕೊಂಡಿತು. ಅಲ್ಲಿ ನಮಗೊಂದು ವಿಚಿತ್ರ ಕಷ್ಟವಿತ್ತು. ಬೇರೆ ಕಡೆ ಹುಡುಗರು ಓದು ಬಿಟ್ಟು ಓಡಿಹೋಗುತ್ತಾರೆಂದು ಅಧ್ಯಾಪಕರು ಗೋಳಾಡುತ್ತಾರಲ್ಲ, ನಮ್ಮಲ್ಲಿ ಓಡಿಹೋಗುವವರೇ ಇರಲಿಲ್ಲ. ಸೇರಿದವರು ಸೇರಿದ ಹಾಗೆ ಉಳಿದುಬಿಡುತ್ತಿದ್ದರು. ತಪ್ಪೇನು? ಕಾಶಿಗೆ ಜನ ಬರುವುದೇ ಉಳಿದುಬಿಡುವುದಕ್ಕೆ. ಬೆಳಗಾದರೆ ಗಂಗೆ, ಬಿಸಿಬಿಸಿ ಕಚೌಡಿ, ಮಧ್ಯಾಹ್ನ ನಿದ್ದೆ, ಸಂಜೆ ಘಾಟಿನ ಮೆಟ್ಟಿಲ ಮೇಲೆ ಥಂಡಾಯಿ ಕುಡಿದು ಲೋಕದ ಆಗುಹೋಗುಗಳ ವಿಚಾರ. ಇದನ್ನೆಲ್ಲ ಬಿಟ್ಟು ಪದವಿ ತೆಗೆದುಕೊಂಡು ಬಲಿಯಾದಲ್ಲೋ ಗಾಜೀಪುರದಲ್ಲೋ ಗುಮಾಸ್ತನಾಗು ಎಂದರೆ ಯಾವ ಬುದ್ಧಿವಂತ ಒಪ್ಪುತ್ತಾನೆ?

ಸೇಠಜಿಗೆ ಇದು ಅರ್ಥವಾಗುತ್ತಿರಲಿಲ್ಲ. ವರ್ಷದ ಸಭೆಯಲ್ಲಿ ಕುಲಪತಿಗಳು ಎದೆಯುಬ್ಬಿಸಿ, "ನಮ್ಮಲ್ಲಿ ಮಧ್ಯದಲ್ಲಿ ಬಿಟ್ಟು ಹೋಗುವವರು ಒಬ್ಬರೂ ಇಲ್ಲ ಸೇಠಜಿ" ಎಂದರು. ಸೇಠಜಿ ಬಾಯಲ್ಲಿದ್ದ ಪಾನನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸಾಗಿಸಿ, "ಮಧ್ಯದಲ್ಲೂ ಹೋಗಲ್ಲ, ಕೊನೆಗೂ ಹೋಗಲ್ಲ! ಮಾಲು ಒಳಗೆ ಬರ್ತಾನೇ ಇದೆ, ಹೊರಗೆ ಹೋಗ್ತಿಲ್ಲ. ನಾನು ಕಟ್ಟಿಸಿದ್ದು ವಿದ್ಯಾಲಯವೋ ಗೋದಾಮೋ?" ಎಂದು ಗುಡುಗಿದರು. ಆಮೇಲೆ ನನ್ನ ಕಡೆ ತಿರುಗಿದರು. "ಅದರಲ್ಲೂ ಪ್ರೊಫೆಸರ್ ಸಾಹೇಬ್, ಹೆಚ್ಚು ಮಾಲು ಕೊಳೀತಿರೋದು ನಿಮ್ಮ ತರ್ಕದ ಕಪಾಟಿನಲ್ಲಿ."

ಕೊಳೆಯುತ್ತಿದ್ದ ಮಾಲಿನಲ್ಲಿ ಮುಖ್ಯವಾದ ಬಟ್ಟೆಯ ಥಾನೆಂದರೆ ದೀನಾನಾಥ. ಅವನು ನಮ್ಮ ಹಿರಿಯ ವಿದ್ಯಾರ್ಥಿ. ಎಷ್ಟು ಹಿರಿಯನೆಂದರೆ ನಾನು ಕೆಲಸಕ್ಕೆ ಸೇರಿದ ದಿನ ತರಗತಿ ಎಲ್ಲಿದೆಯೆಂದು ತೋರಿಸಿದವನೇ ಅವನು. ಮಿಕ್ಕ ವಿಷಯಗಳನ್ನೆಲ್ಲ ದಾಟಿ ತರ್ಕದಲ್ಲಿ ಮಾತ್ರ ಪ್ರತಿವರ್ಷ ಸಿಕ್ಕಿಬೀಳುತ್ತಿದ್ದ. ಉತ್ತರಪತ್ರಿಕೆಗಳು ಹೊರಗಿನ ಪರೀಕ್ಷಕರಿಗೆ ಹೋಗುತ್ತಿದ್ದುದರಿಂದ ನಾನು ಕರುಣೆ ತೋರಿಸುವ ಹಾಗೂ ಇರಲಿಲ್ಲ. ಇದೆಲ್ಲ ಹೇಗೋ ನಡೆಯುತ್ತಿತ್ತು. ಆದರೆ ಸೇಠಜಿಯ ಮಗಳಿಗೂ ದೀನಾನಾಥನಿಗೂ ಮದುವೆ ಗೊತ್ತಾಯಿತು. ಅಳಿಯನಾಗುವವನು ಮಾವನದೇ ವಿಶ್ವವಿದ್ಯಾಲಯದಲ್ಲಿ ಬಿ.ಎ. ಆಗದೆ ಕೂತಿರುವುದನ್ನು ನೋಡಿ ಬಜಾರಿಗೆ ಬಜಾರೇ ನಗುತ್ತಿತ್ತು. ಸೇಠಜಿ ನನಗೆ ಖಂಡತುಂಡವಾಗಿ ಹೇಳಿದರು: "ಈ ವರ್ಷ ದೀನಾನಾಥ ಹೊರಗೆ ಹೋಗಬೇಕು. ಇಲ್ಲದಿದ್ದರೆ ಮದುವೆ ಬಂದ್, ತರ್ಕ ಬಂದ್, ನೀವೂ ಬಂದ್."

ಅವತ್ತಿನಿಂದ ನಾನು ದೀನಾನಾಥನನ್ನು ಹುಡುಕಿಕೊಂಡು ಹೊರಟೆ. ಅವನು ನನ್ನಿಂದ ತಪ್ಪಿಸಿಕೊಂಡು ಹೊರಟ. ಅವನೊಬ್ಬನೇ ಅಲ್ಲ, ಪರೀಕ್ಷೆ ಹತ್ತಿರವಾದಂತೆ ನನ್ನನ್ನು ಕಂಡರೆ ಹುಡುಗರೆಲ್ಲ ದಿಕ್ಕಾಪಾಲು. ನಾನು ಮುಂಬಾಗಿಲಿನಿಂದ ಬಂದರೆ ಹಿಂಬಾಗಿಲಿನಿಂದ ಹೋಗುವರು. ನನ್ನ ಪಾಠಕ್ಕೆ ಹೆದರುತ್ತಾರೆಂದು ಒಳಗೊಳಗೇ ಸ್ವಲ್ಪ ಹೆಮ್ಮೆಯಾಗಿತ್ತು. ಕೊನೆಗೆ ಗೋದೌಲಿಯಾದ ಪಾನ್ ಅಂಗಡಿಯ ಮುಂದೆ ದೀನಾನಾಥ ಸಿಕ್ಕಿಬಿದ್ದ. ಹಿಂದೆ ಒಂದು ಗೂಳಿ ಮಲಗಿತ್ತು, ಮುಂದೆ ನಾನು; ಓಡಲು ದಾರಿಯಿರಲಿಲ್ಲ.

"ಯಾಕಯ್ಯ ಓಡ್ತೀಯ?" ಎಂದೆ, ಹಿಂದಿಯಲ್ಲಿ.

ಅವನು ಕೈ ಮುಗಿದ. "ಗುರೂಜಿ, ನಿಮ್ಮ ಪಾಠಕ್ಕೆ ಹೆದರಲ್ಲ. ನಿಮ್ಮ ನಾಲಿಗೆಗೆ ಹೆದರ್ತೀವಿ. ದಕ್ಷಿಣದ ಪಂಡಿತರ ವಾಕ್ಕು, ನುಡಿದಂತೇ ಆಗುತ್ತೆ. ಪ್ರತಿವರ್ಷ ಪರೀಕ್ಷೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ನಗ್ತಾ ನಗ್ತಾ ಹೇಳ್ತೀರಲ್ಲ, 'ಜಾವೋ, ಫಿರ್ ಆನಾ' ಅಂತ! ಗುರೂಜಿ 'ಫಿರ್ ಆನಾ' ಅಂದವರೆಲ್ಲ ಮುಂದಿನ ವರ್ಷ ಮತ್ತೆ ಬರ್ತಾರೆ. ನನಗೂ ಅಂದಿದ್ದೀರಿ. ಆದ್ದರಿಂದ ನಾನೂ ಮತ್ತೆ ಬರ್ತೀನಿ."

ನನಗೆ ಆಘಾತವಾಗಬೇಕಿತ್ತು. ಆದದ್ದು ಆನಂದ. ಇಷ್ಟು ವರ್ಷ ಬಡಿದುಕೊಂಡರೂ ಎರಡು ಮಾತಿನಿಂದ ಮೂರನೆಯದನ್ನು ಹೊರಡಿಸುವ ಒಂದು ನೆಟ್ಟಗಿನ ಅನುಮಾನವಾಕ್ಯ ಕಟ್ಟಲಾರದವನು, ಪಾನ್ ಅಂಗಡಿಯ ಮುಂದೆ ಸಾಮಾನ್ಯವಾಕ್ಯ, ವಿಶೇಷವಾಕ್ಯ, ನಿಗಮನ ಮೂರನ್ನೂ ಒಂದೇ ಉಸಿರಿನಲ್ಲಿ ಕಟ್ಟಿದ್ದ! ತಬ್ಬಿಕೊಳ್ಳೋಣವೆನ್ನಿಸಿತು. ನಡುವೆ ಪಾನಿನ ರಸವಿದ್ದುದರಿಂದ ಸುಮ್ಮನಾದೆ.

ಮನೆಗೆ ಬರುವಷ್ಟರಲ್ಲಿ ಆನಂದ ಇಳಿದು ಸಂಶಯ ಏರಿತ್ತು. ನಾನು ಹಾಗೆ ಹೇಳಿದ್ದೆನೆ? ನೆನಪೇ ಇಲ್ಲ. ಕಮಲಳನ್ನು ಕೇಳಿದೆ. ನನ್ನ ಹೆಂಡತಿ ಬೇಳೆ ಆರಿಸುತ್ತಿದ್ದವಳು ತಲೆಯೆತ್ತದೆ, "ಅಯ್ಯೋ, ಹಾಲಿನವನಿಗೂ ಹೇಳ್ತೀರಿ, ಪೋಸ್ಟ್‌ಮ್ಯಾನಿಗೂ ಹೇಳ್ತೀರಿ. ಮನೆಗೆ ಬಂದವರನ್ನ ಹೋಗು ಅಂತ ಕಳಿಸೋಕಾಗುತ್ತೇನ್ರೀ? ಹೋಗಿ ಬಾ ಅಂತಾನೇ ಅನ್ಬೇಕು" ಎಂದಳು. ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ಸುಮಿ, ಕಾಶಿಯಲ್ಲೇ ಹುಟ್ಟಿದವಳು, ಕಿಸಕ್ಕನೆ ನಕ್ಕಳು. "ಅಪ್ಪಾ, ಹಿಂದಿಯಲ್ಲಿ ಹೋಗೋದು ಬೇರೆ, ಬರೋದು ಬೇರೆ. ನೀವು ಎರಡನ್ನೂ ಚಿಪ್ಕಾಯಿಸಿ ಅಂಟಿಸಿಬಿಡ್ತೀರಿ."

ಕನ್ನಡದಲ್ಲಿ ಹೋಗುವವರೇ ಇಲ್ಲ, ನೋಡಿ. ಎಲ್ಲರೂ ಬರುವವರೇ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು "ಬರ್ತೀನಿ" ಎನ್ನುತ್ತೇವೆ, ಎದುರಿನವನು ಕಕ್ಕಾಬಿಕ್ಕಿಯಾಗುವುದಿಲ್ಲ. ಈ ಅಭ್ಯಾಸ ನನಗೆ ಹಿಂದೊಮ್ಮೆ ಕನ್ನಡದಲ್ಲೇ ಕೈಕೊಟ್ಟಿತ್ತು. ಹುಬ್ಬಳ್ಳಿಯ ಕಡೆಯ ಕುಟುಂಬವೊಂದು ಯಾತ್ರೆಗೆ ಬಂದಾಗ ಅವರ ಅಜ್ಜಿ ತೀರಿಕೊಂಡರು. ಭಾಷೆ ಬಲ್ಲವನೆಂದು ನಾನು ಮಣಿಕರ್ಣಿಕಾ ಘಾಟಿಗೆ ಜೊತೆಯಲ್ಲಿ ಹೋಗಿ, ಎಲ್ಲ ಮುಗಿಯುವವರೆಗೂ ಓಡಾಡಿ, ಅವರು ಹೊರಟು ನಿಂತಾಗ ಬಾಯಿತಪ್ಪಿ "ಹೋಗಿ ಬನ್ನಿ" ಎಂದುಬಿಟ್ಟೆ. ಸಾವಿನ ಜಾಗದಲ್ಲಿ ಹಾಗೆನ್ನಬಾರದೆಂದು ಕನ್ನಡದ ಎಳೆಗೂಸಿಗೂ ಗೊತ್ತು. ಮನೆಯ ಹಿರಿಯರು ಒದ್ದೆ ಪಂಚೆಯಲ್ಲೇ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬರ್ತೇವ್ರೀ ಸರ, ಬರಾಕೇನ. ಮುಂದಿನ ಸಲ ಯಾರನ್ನ ತರಬೇಕು, ಅದನ್ನೂ ನೀವಽ ಹೇಳಿಬಿಡ್ರಿ" ಎಂದರು.

ಪರೀಕ್ಷೆಯ ದಿನ ಬೆಳಗ್ಗೆ ದೀನಾನಾಥ ನಮ್ಮ ಮನೆಗೇ ಬಂದ. ಹಣೆಯ ತುಂಬ ಗಂಧ, ಕೊರಳಲ್ಲಿ ಚೆಂಡುಹೂವಿನ ಹಾರ, ವಿಶ್ವನಾಥ ಗಲ್ಲಿಯ ದೇವರುಗಳನ್ನೆಲ್ಲ ಮುಗಿಸಿ ಕೊನೆಯದಾಗಿ ನನ್ನಲ್ಲಿಗೆ ಬಂದಿದ್ದ. "ಗುರೂಜಿ, ಹೆಚ್ಚೇನೂ ಬೇಡ. 'ಜಾವೋ' ಅನ್ನಿ ಸಾಕು. ಅಲ್ಲಿಗೇ ನಿಲ್ಲಿಸಿಬಿಡಿ" ಎಂದು ಕಾಲಿಗೆ ಬಿದ್ದ.

ಎಷ್ಟು ಸುಲಭ! ಶಬ್ದಕ್ಕೂ ಫಲಕ್ಕೂ ಕಾರ್ಯಕಾರಣ ಸಂಬಂಧವಿಲ್ಲವೆಂದು ವರ್ಷವಿಡೀ ಪಾಠ ಹೇಳುವವನು ನಾನು. ಗಂಟಲು ಸರಿಮಾಡಿಕೊಂಡು "ಜಾ..." ಎಂದೆ. ಮುಂದಕ್ಕೆ ಹೋಗಲಿಲ್ಲ. ಅಡುಗೆಮನೆಯಿಂದ ಕಮಲ ಸೌಟು ಹಿಡಿದೇ ಓಡಿಬಂದಳು.

"ರೀ! ಒಳ್ಳೆ ಕೆಲಸಕ್ಕೆ ಹೊರಟ ಹುಡುಗನಿಗೆ ಬರೀ ಹೋಗು ಅಂತೀರಾ? ಅದೂ ಕಾಶಿಯಲ್ಲಿ? ಬಿಡ್ತು ಅನ್ನಿ ಮೊದಲು!"

"ಬಿಡ್ತು" ಎಂದೆ, ದೀನಾನಾಥನಿಗೂ ತಿಳಿಯಲೆಂದು ಹಿಂದಿಯಲ್ಲೂ.

"ಏನು ಬಿಟ್ಟಿತು ಗುರೂಜಿ?" ಎಂದು ದೀನಾನಾಥ ನೆಲದ ಮೇಲಿಂದಲೇ ಗಾಬರಿಯಾಗಿ ಕೇಳಿದ.

"ಗೆದ್ದು ಬಾ ಅನ್ನಿ" ಎಂದು ಕಮಲ ಸೂಚಿಸಿದಳು. "ಜೀತ್ ಕೇ ಆನಾ" ಎಂದು ಅನುವಾದಿಸಿದೆ. 'ಆನಾ' ಕಿವಿಗೆ ಬಿದ್ದದ್ದೇ ತಡ, ದೀನಾನಾಥ ಚೇಳು ಕುಟುಕಿದವನಂತೆ ಹಾರಿದ. "ಮತ್ತೆ ಆನಾ! ಗುರೂಜಿ, ನನ್ನ ಮದುವೆ!" ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಆ ಕ್ಷಣ ನನಗೆ ನಗು ನಿಂತುಹೋಯಿತು. ಸೇಠಜಿಯಾಗಲಿ ನನ್ನ ಕೆಲಸವಾಗಲಿ ನೆನಪಿಗೆ ಬರಲಿಲ್ಲ. ಎದುರಿಗೆ ಒಬ್ಬ ಮನುಷ್ಯ ಇಡೀ ಯೌವನವನ್ನು ನನ್ನ ತರ್ಕದ ಹೊಸಿಲಲ್ಲಿ ಕಳೆದು, ದಾಟಿಸು ಎಂದು ಕೈಮುಗಿದು ನಿಂತಿದ್ದ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, "ಜಾವೋ!" ಎಂದೆ. ಅವನು ಹಿಂತಿರುಗಿ ನೋಡದೆ ಓಡಿದ.

ಅವನು ಗಲ್ಲಿಯ ತಿರುವು ದಾಟಿದ ಮೇಲೆ ನಾನು ಮೆಲ್ಲಗೆ ಕನ್ನಡದಲ್ಲಿ "ಬಾಪ್ಪ" ಎಂದೆನೆಂದು ಕಮಲ ಹೇಳುತ್ತಾಳೆ. ನಾನು ಎನ್ನಲಿಲ್ಲ. ಎಂದಿದ್ದರೆ ನೆನಪಿರುತ್ತಿತ್ತು. ಅಂದರೆ, ಎಂದಿರಲೂಬಹುದು.

ದೀನಾನಾಥ ಪಾಸಾದ. ಮೂರನೆಯ ದರ್ಜೆ, ಆದರೂ ಪಾಸು. ಅನುಮಾನವಾಕ್ಯಕ್ಕೆ ಸ್ವಂತ ಉದಾಹರಣೆ ಕೊಡಿ ಎಂಬ ಪ್ರಶ್ನೆ ಬಂದಿತ್ತಂತೆ. ಪಾನ್ ಅಂಗಡಿಯ ಮುಂದೆ ನನಗೆ ಹೇಳಿದ್ದನ್ನೇ ಬರೆದುಬಂದನಂತೆ. ನನ್ನ ಶಾಪವೇ ಅವನನ್ನು ದಾಟಿಸಿತು ಎಂದರೆ ತರ್ಕ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಮದುವೆಯ ಊಟದಲ್ಲಿ ಸೇಠಜಿ ತಾವೇ ನನ್ನ ಎಲೆಗೆ ಲಡ್ಡು ಬಡಿಸಿ, "ನೋಡಿದಿರಾ, ಕೊನೆಗೂ ಮಾಲು ಹೊರಗೆ ಹೋಯಿತು" ಎಂದರು.

ಎಲ್ಲಿ ಹೋಯಿತು? ಮರುವರ್ಷ ಕಾಲೇಜು ತೆರೆದ ದಿನ ನೋಡಿದರೆ ಕಾರ್ಯದರ್ಶಿಯ ಕುರ್ಚಿಯಲ್ಲಿ ದೀನಾನಾಥ ಕೂತಿದ್ದ. ಮಾವ ತಮ್ಮ ವಿಶ್ವವಿದ್ಯಾಲಯವನ್ನು ಅಳಿಯನ ಕೈಗೆ ಕೊಟ್ಟಿದ್ದರು. ಕಮಲ ನನ್ನ ಮುಖ ನೋಡಿ, "ಬಾಪ್ಪ ಅಂದಿರಲಿಲ್ಲ ಅಲ್ವಾ ನೀವು?" ಎಂದಳು.

ಮೊನ್ನೆ ಮೈಸೂರಿಗೆ ಹೋಗಲು ರಜೆ ಕೇಳಲು ಅವನ ಕೋಣೆಗೆ ಹೋಗಿದ್ದೆ. ದೀನಾನಾಥ ಎದ್ದು ನಿಂತು, ತುಂಬ ಮರ್ಯಾದೆಯಿಂದ ಸಹಿ ಹಾಕಿ, "ಜಾಯಿಯೇ ಗುರೂಜಿ" ಎಂದ. ಅಷ್ಟೇ. ನಾನು ಬಾಗಿಲವರೆಗೆ ಹೋಗಿ ನಿಂತೆ. ಏನೋ ಅರ್ಧದಲ್ಲಿ ನಿಂತ ಹಾಗಿತ್ತು. ಛತ್ರಿ ಮರೆತವನಂತೆ ವಾಪಸು ಬಂದೆ, ಛತ್ರಿ ಕೈಯಲ್ಲೇ ಇತ್ತು.

"ಏನಾದರೂ ಮರೆತಿರಾ ಗುರೂಜಿ?"

"ನಾನಲ್ಲ, ನೀನು. ಇನ್ನೊಂದು ಮಾತಿದೆಯಲ್ಲ."

ಅವನಿಗೆ ಅರ್ಥವಾಯಿತು. ಎರಡೂ ಕಿವಿ ಮುಟ್ಟಿಕೊಂಡ. "ರಾಮ್ ರಾಮ್! ನಿಮಗೆ ಅಂಥ ಮಾತು ಹೇಳ್ತೀನಾ ಗುರೂಜಿ? ಅದು ಫೇಲಾಗೋರಿಗೆ!"

ಹೊರಗೆ ಬಂದೆ. ನಾನು ದೇವರನ್ನು ನಂಬುವುದಿಲ್ಲ, ಶಕುನವನ್ನು ನಂಬುವುದಿಲ್ಲ. ಮೊಗಸಾಲೆಯಲ್ಲಿ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಹೋಗಿ ಬರ್ತೀನಿ" ಎಂದೆ. ಆಮೇಲೆ ದನಿಯನ್ನು ಸ್ವಲ್ಪ ಬದಲಾಯಿಸಿ, "ಹೂಂ, ಹೋಗಿ ಬಾಪ್ಪ" ಎಂದು ನಾನೇ ನನ್ನನ್ನು ಕಳಿಸಿಕೊಟ್ಟೆ. ಮೆಟ್ಟಿಲಿಳಿದು ರಿಕ್ಷಾ ಹತ್ತಿದ ಮೇಲೆ ಸಂಶಯ ಬಂತು. ಎರಡನೆಯದನ್ನು ಅಂದೆನೋ ಇಲ್ಲವೋ? ರಿಕ್ಷಾ ನಿಲ್ಲಿಸಲು ಹೇಳಿ, ಇಳಿದು, ಮತ್ತೆ ಮೆಟ್ಟಿಲು ಹತ್ತಿದೆ.