ದೊಡ್ಡಪ್ಪನ ತೂಕದ ಪಾಠ

ಭೂಮಿಯ ಗುರುತ್ವಾಕರ್ಷಣೆ ನಮ್ಮ ದೊಡ್ಡಪ್ಪನ ಅಪ್ಪಣೆ ಪಡೆದೇ ಕೆಲಸ ಮಾಡುತ್ತದೆಂದು ನಾನು ಬಹಳ ದಿನ ನಂಬಿದ್ದೆ! ಹೊಸೂರಿನ ಕಾರ್ಖಾನೆಯಲ್ಲಿ ಅವರಿಗೆ ಲಾರಿ ಜೋಡಿಸುವ ಕೆಲಸ. ಶಿಫ್ಟ್ ಮುಗಿಸಿ ಬಂದರೆ ಸೂಳಗಿರಿ ಪಕ್ಕದ ನಮ್ಮೂರಿನ ಹುಡುಗರಿಗೆ ಕಬಡ್ಡಿ ತರಬೇತಿ. ಲಾರಿಯಾಗಲಿ ಮನುಷ್ಯನಾಗಲಿ, ಭಾರ ಎಲ್ಲಿ ಕೂತಿದೆ ಎನ್ನುವುದೊಂದೇ ಅವರ ಚಿಂತೆ.

‘ಮಂಡಿ ಮಡಚ್ರಲಾ, ತೂಕ ಕೆಳಗಿಳೀಲಿ. ಆಮ್ಯಾಕೆ ಆನೆ ಬಂದು ತಳ್ಳಿದ್ರೂ ಬೀಳಲ್ಲ’ ಎಂದು ಒಮ್ಮೆ ತಾವೇ ಮಂಡಿ ಮಡಚಿ ನಿಂತು, ತಂಡದ ಅತಿ ಸಣಕಲ ಹುಡುಗನಿಗೆ ತಳ್ಳಲು ಹೇಳಿದರು. ಮರುಕ್ಷಣ ದೊಡ್ಡಪ್ಪ ರಾಗಿ ಕೂಳೆಯ ಮೇಲೆ ಅಂಗಾತ! ಎದ್ದು ಮಣ್ಣು ಕೊಡವಿಕೊಂಡರು. ಹುಡುಗ ತಮಗಿಂತ ಇನ್ನೂ ತಗ್ಗಿ ತಳ್ಳಿದನಂತೆ, ಹಾಗಾಗಿ ಪಾಠ ಸರಿಯಾಗಿಯೇ ಇದೆಯಂತೆ. ಬಿದ್ದೂ ಗೆಲ್ಲುವವರ ಜತೆ ಯಾರು ವಾದ ಮಾಡುತ್ತಾರೆ?

ಮದುವೆಯೊಂದರಲ್ಲಿ, ಹೆಣ್ಣಿನ ಸೋದರಮಾವ ಕುರ್ಚಿಗೆ ಒರಗಿ ಕೂತಿದ್ದಾಗ ಆತನ ಹಣೆಗೆ ಒಂದು ಬೆರಳಿಟ್ಟು, ಈಗ ಏಳಿ ನೋಡೋಣ ಎಂದರು. ತಲೆ ಮುಂದೆ ಬಾಗದೆ ತೂಕ ಪಾದದ ಮೇಲೆ ಬರುವುದಿಲ್ಲ, ಅದು ಬರದೆ ಯಾರೂ ಏಳಲಾರರು. ಪಾಪ, ಆತ ಮುಖ ಕೆಂಪಗೆ ಮಾಡಿಕೊಂಡದ್ದೇ ಬಂತು! ಅತ್ತ ಪುರೋಹಿತರು ಹೆಣ್ಣನ್ನು ಕರೆತರಲು ಸೋದರಮಾವನನ್ನು ಕೂಗುತ್ತಿದ್ದಾರೆ, ಇತ್ತ ದೊಡ್ಡಪ್ಪ ಬೆರಳು ತೆಗೆಯದೆ ಕಾರಣ ವಿವರಿಸುತ್ತಿದ್ದಾರೆ. ಕೊನೆಗೆ ಬಿಡಿಸಿಕೊಂಡ ಆತನ ಬೈಗುಳ ತಮಿಳಿನಲ್ಲಿ ಶುರುವಾಗಿ, ತೆಲುಗು ದಾಟಿ, ಕನ್ನಡದಲ್ಲಿ ಮುಗಿಯಿತು. ದೊಡ್ಡಮ್ಮ ಅವತ್ತು ಊಟಕ್ಕೆ ಗಂಡನ ಪಕ್ಕ ಕೂರಲಿಲ್ಲ.

ಅದೇ ದೊಡ್ಡಮ್ಮ ಹೋದ ವರ್ಷ ಹಿತ್ತಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದ ಡಾಕ್ಟರು ಇನ್ನು ಧಾರಾಳವಾಗಿ ನಡೆಯಿರಿ ಎಂದರೂ ಅವರಿಗೆ ಬೀಳುವ ಭಯ. ಹೀಗೇ ಕೂತುಬಿಟ್ಟರೆ ಕಾಲಿಗೆ ನಡಿಗೆಯೇ ಮರೆತುಹೋಗುತ್ತದೆಂದು ನಮಗೆ ಭಯ. ನಾವು ಕಂಕುಳಿಗೆ ಕೈಹಾಕಿ ಎಳೆದಷ್ಟೂ ಅವರು ಹಿಂದಕ್ಕೆ ಜಗ್ಗುತ್ತಿದ್ದರು.

ದೊಡ್ಡಪ್ಪ ನಮ್ಮನ್ನೆಲ್ಲ ಪಕ್ಕಕ್ಕೆ ಸರಿಸಿದರು. ಬಾಗಿಲ ಬಳಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಅವತ್ತಿನ ಪಾಠ ತುಂಬ ಚಿಕ್ಕದು.

‘ಪಾದ ಹಿಂದಕ್ಕೆಳ್ಕೊ. ತಲೆ ಮುಂದಕ್ಕೆ ಬಾಗ್ಸು. ತೂಕ ಕಾಲ್ ಮ್ಯಾಕೆ ಬಂದ್ರೆ ತಾನಾಗೇ ಏಳ್ತೀಯ.’

‘ಬಿದ್ದುಬುಟ್ರೆ?’

‘ನಾನಿಲ್ವಾ.’

ದೊಡ್ಡಮ್ಮ ಎದ್ದರು! ಗೋಡೆ ಹಿಡಿದು ಗೆರೆಯ ಕಡೆಗೆ ಮೆಲ್ಲಗೆ ಹೆಜ್ಜೆ ಹಾಕಿದರು. ಹಿಂದೆಯೇ ದೊಡ್ಡಪ್ಪ, ಮಂಡಿ ಮಡಚಿ, ಎರಡೂ ಕೈ ಚಾಚಿಕೊಂಡು, ತುಟಿಯೊಳಗೇ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಾ ಬರುತ್ತಿದ್ದರು. ಅವರ ಕಣ್ಣು ತುಂಬಿತ್ತು. ನೋಡುತ್ತಿದ್ದ ನನ್ನದೂ.

ದೊಡ್ಡಮ್ಮ ಹೆಬ್ಬೆರಳಿನಿಂದ ಗೆರೆ ಮುಟ್ಟಿ, ಹಿಂದೆ ತಿರುಗದೆಯೇ ಹೇಳಿದರು:

‘ಮುಟ್ಟಾಯ್ತು. ಇನ್ನು ಉಸ್ರು ಬುಡಿ.’