ಸೀತಮ್ಮನವರ ಕೋರೆಹಲ್ಲು

ಎಲ್ಲಕ್ಕೂ ಕಾರಣ ಒಂದು ಗಡ್ಡೆ ಬೆಳ್ಳುಳ್ಳಿ. ಜಯನಗರ ಏಳನೇ ಬ್ಲಾಕಿನ ರಾಮಪ್ರಸಾದ ಅದನ್ನು ತಿನ್ನೋದಕ್ಕೆ ತಂದಿರಲಿಲ್ಲ, ಡ್ಯೂಟಿಗೆ ತಂದಿದ್ದ. ಹಗಲು ಹೊತ್ತು ಅವನು ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತ, ಸಂಜೆ ಆದರೆ ರಕ್ತಪಿಶಾಚಿಗಳ ಬೇಟೆಗಾರ. ಬನಶಂಕರಿ ಕಡೆ ಒಂದು ಛತ್ರದ ಹಿಂದೆ ಭಾನುವಾರ ಭಾನುವಾರ ಸೇರುವ ರಕ್ತಪಿಶಾಚಿ ನಿವಾರಣಾ ಸಂಘದ ಸದಸ್ಯ. ಆಫೀಸು ಮುಗಿಸಿ ಬಂದವರು ಇಸ್ಪೀಟು ಆಡ್ತಾರೆ, ಕ್ಲಬ್ಬಿಗೆ ಹೋಗ್ತಾರೆ, ಅವರನ್ನು ಯಾರೂ ಏನೂ ಅನ್ನೋದಿಲ್ಲ. ಇವನು ಊರಿಗೆ ಉಪಕಾರ ಆಗಲಿ ಅಂತ ಸ್ಕೂಟರಿನ ಡಿಕ್ಕಿಯಲ್ಲಿ ಗೂಟ, ಸುತ್ತಿಗೆ ಇಟ್ಟುಕೊಂಡು ಓಡಾಡಿದರೆ ನಲವತ್ತಾದರೂ ಹೆಣ್ಣು ಕೊಡುವವರಿಲ್ಲ. ಇದು ನ್ಯಾಯವಾ, ನೀವೇ ಹೇಳಿ.

ಬೆಳ್ಳುಳ್ಳಿ ಇಲ್ಲದೆ ಈ ಕೆಲಸಕ್ಕೆ ಇಳಿಯುವ ಹಾಗಿಲ್ಲ. ಅದರ ವಾಸನೆ ಬಡಿದರೆ ಪಿಶಾಚಿ ಗೇಟಿನ ಹತ್ತಿರಕ್ಕೂ ಸುಳಿಯೋದಿಲ್ಲ. ಆದರೆ ರಾಮಪ್ರಸಾದನ ತಾಯಿ ಸೀತಮ್ಮನವರ ಮನೆಯಲ್ಲಿ ಬೆಳ್ಳುಳ್ಳಿ ಅನ್ನುವ ಮಾತನ್ನೂ ಗಟ್ಟಿಯಾಗಿ ಆಡುವಂತಿರಲಿಲ್ಲ. ಈರುಳ್ಳಿ ಗಾಡಿಯವನು ರಸ್ತೆಯಲ್ಲಿ ಕೂಗಿಕೊಂಡು ಹೋದರೆ ಕಿಟಕಿ ಹಾಕುವ ಹೆಂಗಸು ಆಕೆ. ಮಡಿ ಅಂದರೆ ಮಡಿ.

ದಶಮಿಯ ಸಂಜೆ ಊಟದ ಡಬ್ಬಿ ತೊಳೆಯೋಣ ಅಂತ ಮಗನ ಬ್ಯಾಗಿಗೆ ಕೈ ಹಾಕಿದ ಸೀತಮ್ಮನವರಿಗೆ ಡಬ್ಬಿಯ ಬದಲು ಆ ಗಡ್ಡೆ ಸಿಕ್ಕಿತು. ಇಕ್ಕಳದಲ್ಲಿ ಹಿಡಿದುಕೊಂಡು ಹೋಗಿ ರಸ್ತೆಯಾಚೆಯ ಮೋರಿಗೆ ಎಸೆದರು. ಬ್ಯಾಗನ್ನು ಸೀಗೆಪುಡಿ ಹಾಕಿ ಉಜ್ಜಿದರು. ಸ್ನಾನ ಮಾಡಿ ಮಡಿಯುಟ್ಟು ದೇವರ ದೀಪ ಹಚ್ಚಿದರು. ಅಷ್ಟರಲ್ಲಿ, ಹೊಸಕೆರೆಹಳ್ಳಿ ಕೆರೆ ಹತ್ತಿರ ರಾಮಪ್ರಸಾದ ತಿಂಗಳುಗಟ್ಟಲೆ ಅಟ್ಟಾಡಿಸುತ್ತಿದ್ದ ಪಿಶಾಚಿ ಇವರ ಗೇಟಿಗೆ ಬಂದು ನಿಂತಿತ್ತು.

ಮನೆಯವರು ಕರೆಯದೆ ರಕ್ತಪಿಶಾಚಿ ಒಳಗೆ ಬರುವಂತಿಲ್ಲ ಅನ್ನೋದು ಎಲ್ಲ ಕಡೆ ಇರುವ ನಿಯಮ. ಆ ನಿಯಮ ಮಾಡಿದ ಪುಣ್ಯಾತ್ಮ ಜಯನಗರಕ್ಕೆ ಬಂದವನಲ್ಲ. ಇಲ್ಲಿ ಗೇಟಿನ ಹತ್ತಿರ ಯಾರಾದರೂ ನಿಂತರೆ, ಅವರು ಯಾರು ಅಂತ ಕೇಳುವ ಮೊದಲೇ 'ಅಲ್ಲೇ ಯಾಕೆ ನಿಂತ್ರಿ, ಒಳಗ್ಬನ್ನಿ' ಅಂದುಬಿಡ್ತಾರೆ. ಸೀತಮ್ಮನವರೂ ಅಂದರು. ಕೂರಿಸಿದರು. ಕಾಫಿ ಬೆರೆಸಿಕೊಂಡು ತಂದರು.

ಆಫೀಸಿನಿಂದ ಬಂದು ಬ್ಯಾಗಿಟ್ಟು ಮತ್ತೆ ಹೊರಗೆ ಹೋಗಿದ್ದ ರಾಮಪ್ರಸಾದ ಮನೆಗೆ ಬಂದಾಗ ತಾಯಿ ಇನ್ನೊಂದು ಸ್ನಾನ ಮುಗಿಸಿ, ಕತ್ತಿಗೆ ಅರಿಶಿನ ಮೆತ್ತಿಕೊಂಡು ಕೂತಿದ್ದರು.

"ಎಂಥ ಫ್ರೆಂಡ್ಸೋ ನಿಂಗೆ? ಮಡೀಲಿದ್ದೀನಿ ದೂರ ನಿಲ್ಲಪ್ಪ ಅಂದ್ರೂ ಬಂದು ಮುಟ್ಟೇಬಿಟ್ಟ. ಬಿಸಿ ಕಾಫಿ ಮುಖಕ್ಕೆ ಎರಚಿ ಓಡಿಸ್ದೆ."

"ಅಮ್ಮ, ಕುತ್ತಿಗೇಲಿ ಏನದು?"

"ಕಚ್ಚಿದ. ಅದು ಹಾಳಾಗ್ಲಿ, ಮುಟ್ಟಿದ್ದಕ್ಕೇನು ಹೇಳ್ತೀಯ?"

ರಾಮಪ್ರಸಾದ ಓಡಿಹೋಗಿ ಬ್ಯಾಗಿನಲ್ಲಿ ತಡಕಿದ, ಬೆಳ್ಳುಳ್ಳಿ ಇರಲಿಲ್ಲ.

ಬೆಳಗ್ಗೆ ಏಕಾದಶಿ. ಸೀತಮ್ಮ ಮೊಗದ ತುಂಬ ನಗುತ್ತಾ ಬಂದು ಮಗನನ್ನು ಎಬ್ಬಿಸಿದರು. "ನೋಡೋ, ಹಲ್ಲು ಬಂದಿದೆ. ಕಟ್ಟಿಸಿದ ಸೆಟ್ಟು ಕೂರ್ತಾನೇ ಇಲ್ಲ." ಮೇಲಿನ ಸಾಲಿನಲ್ಲಿ ಎರಡು ಹೊಸ ಹಲ್ಲು ಚೂಪಾಗಿ ಹೊಳೆಯುತ್ತಿದ್ದವು. "ಆದ್ರೆ ಎಂಥ ದರಿದ್ರ ಕನ್ನಡಿ ತಂದಿದ್ದೀಯೋ, ಎದುರಿಗೆ ನಿಂತ್ರೂ ನಾನು ಕಾಣಿಸೋದಿಲ್ಲ. ಆ ಪರದೆ ಎಳಿ, ಬಿಸಿಲು ಮೈ ಸುಡ್ತಿದೆ."

ಸಂಘದ ನಿಯಮ ರಾಮಪ್ರಸಾದನಿಗೆ ಬಾಯಿಪಾಠ. ಮೈಯ ರಕ್ತವೆಲ್ಲ ಬತ್ತುವ ಹಾಗೆ ಕಚ್ಚಿಸಿಕೊಂಡವರು ಮೊದಲ ಸಲ ರಕ್ತ ಕುಡಿಯೋದರೊಳಗೆ ಎದೆಗೆ ಗೂಟ ಹೊಡೆದು ಮುಗಿಸಬೇಕು. ಸ್ವಂತ ಮನೆಯವರಾದರೆ ಸದಸ್ಯನೇ ಹೊಡೆಯಬೇಕು. ಬೇರೆಯವರ ಮನೆಯ ವಿಷಯದಲ್ಲಿ ಈ ನಿಯಮಕ್ಕೆ ಇವನೇ ಜೋರಾಗಿ ಕೈ ಎತ್ತಿದ್ದ. ಈಗ ಸಂಘದ ಅಧ್ಯಕ್ಷ ಜಯದೇವಪ್ಪನವರಿಗೆ ಫೋನ್ ಮಾಡಿದ.

"ಏನಾದ್ರೂ ಕುಡಿದ್ರೇನಯ್ಯ?" ಅಂದರು ಜಯದೇವಪ್ಪ.

"ಇಲ್ಲ ಸಾರ್. ಇವತ್ತು ಏಕಾದಶಿ. ನಮ್ಮಮ್ಮ ನೀರು ಕೂಡ ಮುಟ್ಟೋಲ್ಲ."

"ಹಲ್ಲು ಬಂದ ಮೇಲೂ?"

"ಜ್ವರ ಬಂದಾಗ್ಲೇ ಬಿಟ್ಟಿಲ್ಲ ಸಾರ್. ನಾಳೆ ದ್ವಾದಶಿ ಪಾರಣೆ ಆಗೋವರೆಗೂ ಏನೂ ಇಲ್ಲ."

"ಹಾಗಾದ್ರೆ ಅಷ್ಟರೊಳಗೆ ನಿನ್ನ ಕರ್ತವ್ಯ ಮಾಡು. ಬೆಳಕು ಹರಿಯೋಕೆ ಮುಂಚೆ ನಾನೇ ಬರ್ತೀನಿ." ಫೋನ್ ಇಟ್ಟುಬಿಟ್ಟರು. ಒಬ್ಬ ಮನುಷ್ಯನ ತಾಯಿಯ ವಿಷಯ ಹೀಗೆ ಕರೆಂಟ್ ಬಿಲ್ ಕಟ್ಟು ಅಂದ ಹಾಗೆ ಹೇಳ್ತಾರಾ ಅಂತ ರಾಮಪ್ರಸಾದನಿಗೆ ಮೈಯೆಲ್ಲ ಉರಿಯಿತು.

ಆದರೂ ಗೂಟ, ಸುತ್ತಿಗೆ ತಂದ. ಸೀತಮ್ಮ ಅಡುಗೆಮನೆಯಲ್ಲಿ ನಾಳೆಗೆ ಅಗಸೆಸೊಪ್ಪು ಬಿಡಿಸುತ್ತಿದ್ದರು.

"ಗೂಟ ಯಾಕೋ? ಬಟ್ಟೆ ಒಣಹಾಕೋಕಾ? ಹಿತ್ತಲಲ್ಲಿ ನೆಡು ಹೋಗು, ಇಲ್ಲಿ ಮಡಿ."

ರಾಮಪ್ರಸಾದ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೇಳುತ್ತಾ ಕೇಳುತ್ತಾ ಸೀತಮ್ಮನವರ ಮುಖ ಕೆಂಪಾಗಬೇಕಿತ್ತು, ರಕ್ತವಿಲ್ಲದ್ದರಿಂದ ಆಗಲಿಲ್ಲ.

"ನಾನು ಪಿಶಾಚೀನಾ? ಕಾರ್ತೀಕದಲ್ಲಿ ತಣ್ಣೀರು ಸ್ನಾನ ಮಾಡೋ ನಾನು? ನಿಮ್ಮಪ್ಪ ಹೋದ ಮೇಲೆ ಹಪ್ಪಳ ಒತ್ತಿ ಒತ್ತಿ ನಿನ್ನನ್ನ ಓದಿಸಿದ್ದು ಇದಕ್ಕೇನೋ? ಹೊಡಿ. ಹೊಡಿಯೋದಾದ್ರೆ ಇವತ್ತೇ ಹೊಡಿ, ಏಕಾದಶಿ ದಿನ ಹೋದ್ರೆ ಪುಣ್ಯ. ನಾಳೆಗೆ ಹಾಕಬೇಡ."

ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೇಬಿಟ್ಟರು. ರಾಮಪ್ರಸಾದ ಗೂಟ ಎತ್ತಿದ. ಇಳಿಸಿದ. ಆಮೇಲೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತು ಚಿಕ್ಕ ಮಗುವಿನ ಹಾಗೆ ಅತ್ತ. ಅವನಿಗೆ ಈ ಲೋಕದಲ್ಲಿ ಇದ್ದಿದ್ದು ಅವಳೊಬ್ಬಳೇ.

"ಅಮ್ಮ, ನನ್ನದೇ ಒಂದು ಲೋಟ ತಗೋ. ಬೆಳ್ಳಿ ಲೋಟಕ್ಕೆ ಬಿಟ್ಟುಕೊಡ್ತೀನಿ. ಎತ್ಕೊಂಡು ಕುಡಿ, ಎಂಜಲೂ ಆಗೋಲ್ಲ."

"ಮುಚ್ಚು ಬಾಯಿ. ಹೆತ್ತ ಮಗನ ರಕ್ತ ಕುಡಿಯೋಳು ಅಂದ್ಕೊಂಡಿದ್ದೀಯ ನನ್ನ?"

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಮಧುಮತಿ ಬಂದರು. ಈ ರಸ್ತೆಯಲ್ಲಿ ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಮೊದಲು ಗೊತ್ತಾಗೋದು ಈಕೆಗೆ. ಸೀತಮ್ಮನವರನ್ನು ನೋಡಿದವರೇ ಎದೆ ಮೇಲೆ ಕೈಯಿಟ್ಟುಕೊಂಡರು.

"ಏನ್ರೀ ಇದು, ಸುಣ್ಣ ಬಳಿದ ಹಾಗಾಗಿದ್ದೀರ. ರಾಮಪ್ರಸಾದ, ನೀನು ಮಗನೋ ಏನೋ? ತಾಯಿ ಮೈಯಲ್ಲಿ ಒಂದು ತೊಟ್ಟು ರಕ್ತ ಇಲ್ಲ, ನೀನು ಸುತ್ತಿಗೆ ಹಿಡ್ಕೊಂಡು ಕೂತಿದ್ದೀಯಲ್ಲ."

ಸೀತಮ್ಮ ಮಧುಮತಿಯ ಕುತ್ತಿಗೆಯನ್ನೇ ದಿಟ್ಟಿಸುತ್ತಿದ್ದರು. ರಾಮಪ್ರಸಾದ ನಡುವೆ ಹಾರಿ ನಿಂತ.

"ಸರ ಹೊಸದಾ?" ಅಂದರು ಸೀತಮ್ಮ.

ಮಧುಮತಿ ಆಚೆ ಹೋಗುತ್ತಲೇ ಮಗ ಕೇಳಿದ, "ಅಮ್ಮ, ಅವರನ್ನ ನೋಡಿ ನಿಂಗೆ ಏನಾದ್ರೂ ಅನ್ನಿಸ್ತಾ?"

"ಥೂ. ಸ್ನಾನ ಇಲ್ಲದೆ ಕಾಫಿ ಕುಡಿಯೋಳು. ಅವಳದ್ದು ಯಾರು ಮುಟ್ತಾರೆ?"

ಮಧುಮತಿ ಸುಮ್ಮನಿರುವ ಪೈಕಿ ಅಲ್ಲ. ಮಧ್ಯಾಹ್ನಕ್ಕೆ ಬಿ.ಟಿ.ಎಂ. ಲೇಔಟಿನ ಯಾವುದೋ ಲ್ಯಾಬಿನಿಂದ ಮೌನೇಶ ಅನ್ನುವವನನ್ನು ಕರೆದುಕೊಂಡು ಬಂದರು. ರಾಯಚೂರು ಕಡೆಯ ಹುಷಾರು ಮನುಷ್ಯ. ಸೀತಮ್ಮನವರ ಕೈಗೆ ಸೂಜಿ ಚುಚ್ಚಿ ಎಳೆದ, ಇನ್ನೊಂದು ಕೈಗೆ ಚುಚ್ಚಿ ಎಳೆದ. ಸಿರಿಂಜಿನೊಳಗೆ ಬರೀ ಗಾಳಿ.

"ಏನರೀ ಇದು, ಒಂದ ಹನಿ ಬರವಲ್ದು. ಇಷ್ಟ ವರ್ಷದಾಗ ಹಿಂಗ ನಾ ಎಲ್ಲೂ ನೋಡಿಲ್ಲ. ಲಗೂನ ರಕ್ತ ಕೊಡಸ್ರಿ, ಇಲ್ಲಾಂದ್ರ ಅಜ್ಜಿ ಉಳಿಯೂದಿಲ್ಲ."

ಸಾಕಲ್ಲ ಇಷ್ಟು. ಮಧುಮತಿ ಮನೆ ಮನೆಗೂ ಹೋಗಿ ಬಾಗಿಲು ಬಡಿದರು. ಸಂಜೆ ಹೊತ್ತಿಗೆ ರಾಮಪ್ರಸಾದನ ಮನೆ ಮುಂದೆ ಪಲ್ಸ್ ಪೋಲಿಯೋ ಭಾನುವಾರದ ಹಾಗೆ ಜನ. ರಿಟೈರ್ಡ್ ಹೆಡ್‌ಮಾಸ್ಟರು, ಟೈಲರು, ಟ್ಯೂಷನ್ ಮೇಡಂ, ಎಲ್ಲರೂ ತೋಳು ಮಡಿಸಿಕೊಂಡು ನಿಂತಿದ್ದರು. ನಲ್ಲಿ ನೀರು ಹಂಚಿಕೊಳ್ಳೋಕೆ ಜಗಳ ಆಡುವ ಜನ, ಇವತ್ತು ರಕ್ತ ಕೊಡ್ತೀವಿ ಅಂತ ನೂಕಾಡುತ್ತಿದ್ದರು.

"ದಯವಿಟ್ಟು ಹೋಗ್ರಪ್ಪ, ಬೇಡ," ಅಂತ ರಾಮಪ್ರಸಾದ ಬಾಗಿಲಿಗೆ ಅಡ್ಡ ನಿಂತು ಕೈ ಮುಗಿದ.

"ನಿಂಗ್ಯಾಕೋ ಅಷ್ಟು ಉರಿ? ಆಂಟಿಗೆ ಕೊಡೋದು, ನಿಂಗಲ್ಲ," ಅಂತ ಅವನನ್ನು ಪಕ್ಕಕ್ಕೆ ತಳ್ಳಿ ಎಲ್ಲರೂ ಒಳಗೆ ನುಗ್ಗಿದರು.

ಪರದೆ ಎಳೆದ ಹಾಲಿನಲ್ಲಿ ಸೀತಮ್ಮ ಮಣೆ ಮೇಲೆ ಕೂತಿದ್ದರು. ಕಣ್ಣು ಕೆಂಡದ ಹಾಗೆ, ಮೂಗಿನ ಹೊಳ್ಳೆ ಅರಳಿತ್ತು. ಬೆಳಗಿನಿಂದ ಹೊಟ್ಟೆಗಿಲ್ಲ, ಎದುರಿಗೆ ರಸ್ತೆಯ ಅರ್ಧ ಜನ. ಕಥೆ ಮುಗಿಯಿತು ಅಂದುಕೊಂಡ ರಾಮಪ್ರಸಾದ ಪ್ಯಾಂಟಿಗೆ ಸಿಕ್ಕಿಸಿಕೊಂಡಿದ್ದ ಗೂಟಕ್ಕೆ ಕೈ ಹಾಕಿದ.

"ನೀವು ಹೋಟೆಲಲ್ಲಿ ತಿಂತೀರಲ್ವಾ?" ಹೆಡ್‌ಮಾಸ್ಟರನ್ನು ಕೇಳಿದರು ಸೀತಮ್ಮ.

"ಬೆಳಗ್ಗೆ ವಾಕಿಂಗ್ ಆದ್ಮೇಲೆ ದರ್ಶಿನೀಲಿ ಎರಡು ಇಡ್ಲಿ, ಅಷ್ಟೇ."

"ಹಾಗಿದ್ರೆ ನಿಮ್ಮದು ಬೇಡ. ನೀನಪ್ಪ, ಟೈಲರು, ದಾರ ಬಾಯಲ್ಲಿ ಕಚ್ಚಿ ಕತ್ತರಿಸ್ತೀಯ, ಮೈಯೆಲ್ಲ ಎಂಜಲು. ಮೇಡಂ, ಹೋದ ವಾರ ನಿಮ್ಮನೇಲಿ ಕೇಕ್ ಬಂದಿತ್ತು. ಅದಕ್ಕೆ ಏನು ಹಾಕಿರ್ತಾರೆ ಅಂತ ನಂಗೆ ಗೊತ್ತಿಲ್ವಾ?"

ಹೀಗೆ ಒಬ್ಬೊಬ್ಬರನ್ನೇ ವಿಚಾರಿಸಿ, ಒಬ್ಬೊಬ್ಬರ ರಕ್ತಕ್ಕೂ ಒಂದೊಂದು ದೋಷ ತೋರಿಸಿ ವಾಪಸ್ಸು ಕಳಿಸಿದರು. ಕೊನೆಗೆ ಮಧುಮತಿಗೂ ಅದೇ ಗತಿ.

"ಏನು ಜನಾರೀ ಇವರು," ಅಂತ ಮಧುಮತಿ ರಸ್ತೆಗೆಲ್ಲ ಕೇಳುವ ಹಾಗೆ ಅಂದರು. "ಪ್ರಾಣ ಹೋಗ್ತಿದೆ, ಕೊಬ್ಬು ಹೋಗಿಲ್ಲ. ನಮ್ಮ ರಕ್ತ ಇವರ ಮಡಿಗೆ ಆಗೋಲ್ವಂತೆ."

ಹೆಡ್‌ಮಾಸ್ಟರು ಇನ್ನು ಮೇಲೆ ಈ ಮನೆಯ ಕಡೆ ತಲೆ ಹಾಕಿಯೂ ಮಲಗೋಲ್ಲ ಅಂದರು. ಟೈಲರು ರಾಮಪ್ರಸಾದನ ಎರಡು ಪ್ಯಾಂಟು ಹೊಲಿಯದೆ ವಾಪಸ್ಸು ತಂದು ಗೇಟಿನ ಮೇಲೆ ಎಸೆದು ಹೋದ. ನೋಡಿ, ಇದಕ್ಕೇ ನನಗೆ ತಲೆ ಕೆಡೋದು. ಅಷ್ಟೂ ಜನರ ಕುತ್ತಿಗೆ ಉಳಿದಿದ್ದು ಆಕೆಯ ಮಡಿಯಿಂದ, ಆದರೆ ಅಷ್ಟೂ ಜನ ಸಿಟ್ಟು ಮಾಡಿಕೊಂಡು ಹೋದರು.

ರಾಮಪ್ರಸಾದನಿಗೆ ಮಾತ್ರ ಒಂದು ಆಸೆ ಚಿಗುರಿತು. ಇವಳು ಯಾರನ್ನೂ ಕಚ್ಚುವವಳಲ್ಲ. ಕಚ್ಚಿದರೆ ಎಂಜಲು. ಹಾಗಿದ್ದ ಮೇಲೆ ಕೊಲ್ಲುವುದು ಯಾತಕ್ಕೆ? ಜಯದೇವಪ್ಪನವರ ಕಾಲು ಹಿಡಿದು ಕೇಳ್ತೀನಿ, ಕೇಳದಿದ್ದರೆ ಅವರನ್ನೇ ಎದುರಿಸ್ತೀನಿ ಅಂತ ನಿರ್ಧಾರ ಮಾಡಿದ. ಜೀವಮಾನದಲ್ಲಿ ಅವನು ಮೇಲಿನವರಿಗೆ ಎದುರಾಡಿದವನಲ್ಲ, ಇನ್‌ಕ್ರಿಮೆಂಟ್ ತಪ್ಪಿಸಿದಾಗಲೂ ಬಾಯಿ ಬಿಟ್ಟಿರಲಿಲ್ಲ.

ದ್ವಾದಶಿ. ಇನ್ನೂ ಬೆಳಕು ಹರಿದಿಲ್ಲ, ಗೇಟಿನ ಮುಂದೆ ಆಟೋ ನಿಂತಿತು. ಸ್ವೆಟರು, ಮಫ್ಲರು ಸುತ್ತಿಕೊಂಡಿದ್ದ ಜಯದೇವಪ್ಪ ಇಳಿದರು. ಹಿಂದೆ ಯಾರೋ ಒಬ್ಬ ಹೆಂಗಸು, ತಲೆ ತುಂಬ ಶಾಲು ಹೊದ್ದು ಬ್ಯಾಗು ಹಿಡಿದಿದ್ದರು.

ರಾಮಪ್ರಸಾದ ಬಾಗಿಲಿಗೆ ಅಡ್ಡ ನಿಂತು ಗೂಟವನ್ನು ಅಧ್ಯಕ್ಷರ ಕಾಲ ಬುಡಕ್ಕೆ ಎಸೆದ. "ನನ್ನ ಕೈಲಾಗೋಲ್ಲ ಸಾರ್. ನಿಮ್ಮ ಸಂಘ ನೀವೇ ಇಟ್ಕೊಳ್ಳಿ. ಅಮ್ಮನ್ನ ಮುಟ್ಟಬೇಕಾದ್ರೆ ಮೊದ್ಲು ನನಗೆ ಹೊಡೀರಿ."

"ಯಾರಯ್ಯ ಹೊಡೆಯೋನು? ಫೋನಲ್ಲಿ ಅಧ್ಯಕ್ಷ ಅಂತ ಹಾಗಂದೆ, ನಿನ್ನ ಕೈಲಾಗೋಲ್ಲ ಅಂತ ಗೊತ್ತಿತ್ತು." ಜಯದೇವಪ್ಪ ಬಗ್ಗಿ ಗೂಟ ಎತ್ತಿ ಪಕ್ಕಕ್ಕಿಟ್ಟರು. ಮಫ್ಲರು ಬಿಚ್ಚಿದರು. ಕತ್ತಿನ ಎರಡೂ ಬದಿ ಜರಡಿಯ ಹಾಗೆ ತೂತು. "ಇವಳು ನನ್ನ ಹೆಂಡತಿ, ಉಮಾಮಹೇಶ್ವರಿ. ಇವಳನ್ನ ಪಿಶಾಚಿ ಕಚ್ಚಿ ಎಷ್ಟೋ ವರ್ಷ ಆಯ್ತು. ನಿಯಮ ಬರೆದೋನು ನಾನೇ, ಹೊಡಿಯೋಕೆ ಆಗ್ಲಿಲ್ಲ. ದಿನಾ ಎರಡು ಹೊತ್ತು ಸ್ವಲ್ಪ ಸ್ವಲ್ಪ ನನ್ನನ್ನೇ ಕುಡೀತಾಳೆ. ಬೀಟ್ರೂಟ್ ತಿಂದು ತಿಂದು ಸಾಕಾಗಿ ಹೋಗಿದೆ ಕಣಯ್ಯ."

ಜಯದೇವಪ್ಪ ಮಫ್ಲರನ್ನು ಮತ್ತೆ ಸುತ್ತಿಕೊಂಡರು.

"ಹಲ್ಲು ಬಂದ ಮೇಲೂ ಉಪವಾಸ ಇರೋ ಹೆಂಗಸನ್ನ ನಾನು ಕೇಳೇ ಇರಲಿಲ್ಲ. ನಿಮ್ಮಮ್ಮನ ಹತ್ರ ಇವಳು ಸ್ವಲ್ಪ ದಿನ ಇದ್ದು ಅದನ್ನ ಕಲೀಲಿ. ಇಲ್ಲ ಅನ್ನಬೇಡ, ನಾನು ಹಗಲು ಹೊತ್ತು ಎದ್ದು ನಿಂತ್ರೆ ಕಣ್ಣು ಕತ್ತಲೆ ಬರುತ್ತೆ."

ಒಳಗಿನಿಂದ ಸೀತಮ್ಮನವರ ದನಿ ಬಂತು. "ಅಲ್ಲೇ ಯಾಕಮ್ಮ ನಿಂತೆ, ಒಳಗ್ಬಾ. ಇದಕ್ಕಿಂತ ಪುಣ್ಯ ಯಾವುದಿದೆ? ಏಕಾದಶಿ, ಸೋಮವಾರ, ಶನಿವಾರ, ಎಲ್ಲಾ ಹೇಳಿಕೊಡ್ತೀನಿ."

ಜಯದೇವಪ್ಪ ಅದೇ ಆಟೋ ಹತ್ತಿ, ಎಷ್ಟೋ ವರ್ಷದ ನಿದ್ದೆ ಮಾಡೋಕೆ ಮನೆಗೆ ಹೋದರು.

ರಾಮಪ್ರಸಾದ ಬಾಗಿಲು ಹಾಕಿ ಅದಕ್ಕೇ ಒರಗಿ ನಿಂತ. ಅಮ್ಮ ಉಳಿದಳು. ಅಷ್ಟು ಸಾಕಿತ್ತು ಅವನಿಗೆ. ಕಣ್ಣು ಒರೆಸಿಕೊಂಡು, ಹಾಲು ಕಾಯಿಸೋಣ ಅಂತ ಅಡುಗೆಮನೆ ಕಡೆ ಹೊರಟ.

"ಪಾರಣೆ ಹೊತ್ತಾಯ್ತು ಕಣೋ," ಅಂದರು ಸೀತಮ್ಮ. ಅವರ ಎದುರಿಗೆ ಅವಲಕ್ಕಿ, ಅಗಸೆಸೊಪ್ಪಿನ ಪಲ್ಯ. ಪಕ್ಕದ ಮಣೆಯ ಮುಂದಿನ ಎಲೆಯಲ್ಲಿ ಏನೂ ಇರಲಿಲ್ಲ. ಉಮಾಮಹೇಶ್ವರಿ ತಲೆ ತಗ್ಗಿಸಿ ಕೂತಿದ್ದರು. "ಅವಲಕ್ಕಿ ಹಾಕಿದ್ರೆ ಒಲ್ಲೆ ಅಂತಾಳೆ ಪಾಪ, ಅಭ್ಯಾಸ ತಪ್ಪಿಹೋಗಿದೆ. ಉಪವಾಸ ಮುಂದಿನ ಏಕಾದಶಿಯಿಂದ ಶುರುಮಾಡ್ತಾಳೆ. ಇವತ್ತು ದ್ವಾದಶಿ, ಮನೆಗೆ ಬಂದಿರೋ ಮುತ್ತೈದೆ. ಅವಳಿಗೆ ಬಡಿಸದೆ ನಾನು ಹೇಗೆ ಬಾಯಿಗೆ ಹಾಕ್ಕೊಳ್ಳಲಿ?"

"ಏನು ಬಡಿಸ್ಬೇಕಮ್ಮ?"

"ಏನು ಅಂದ್ರೆ? ಶರ್ಟಿನ ಮೇಲಿನ ಗುಂಡಿ ಬಿಚ್ಚಿ ಕೂತ್ಕೋ."

"ಅಮ್ಮ, ನೀನೇ ನಿನ್ನೆ ಹೆತ್ತ ಮಗನ ರಕ್ತ ಅಂತ..."

"ನಾನು ಕುಡಿಯೋಲ್ಲ ಅಂದೆ. ಬಂದವರಿಗೆ ಇಲ್ಲ ಅಂತ ಅಂದ್ನಾ?"

ರಾಮಪ್ರಸಾದ ಕೂತ. ಉಮಾಮಹೇಶ್ವರಿ ಬಹಳ ಮರ್ಯಾದಸ್ತೆ, ಸ್ವಲ್ಪವೇ ಕುಡಿದು ಸಾಕು ಅಂತ ಕೈ ಅಡ್ಡ ಮಾಡಿದರು.

"ಎಲ್ಲಾದ್ರೂ ಉಂಟಾ," ಅಂದರು ಸೀತಮ್ಮ, ಮಗನ ತಲೆಯನ್ನು ಮೆಲ್ಲಗೆ ಇನ್ನೊಂದು ಕಡೆಗೆ ತಿರುಗಿಸುತ್ತಾ. "ಸಂಕೋಚ ಮಾಡ್ಕೋಬೇಡಮ್ಮ. ನಮ್ಮನೇಲಿ ಎರಡನೇ ಸಲ ಹಾಕಿಸಿಕೊಳ್ಳದೆ ಯಾರೂ ಎದ್ದಿದ್ದಿಲ್ಲ."